ತಿಮ್ಮ ಸತ್ತರೆ ತಮ್ಮನ ಖಾತೆ

ಇವತ್ತು ಅಕ್ಟೋಬರ್ 12. ಅಂಗಡಿ ಬಾಗಿಲು ತೆರೆದೇ ಇದೆ, ಬಸ್ಸು ಎಂದಿನಂತೆ ತಡ. ವಿಶೇಷವೇನೂ ಕಾಣೋದಿಲ್ಲ. ಆದರೆ ಈ ತಾರೀಖಿಗೆ ಒಂದು ಚಾಳಿ ಇದೆ ಸ್ವಾಮಿ. ದುಡಿದವನು ಯಾರು, ಪುಸ್ತಕದಲ್ಲಿ ಹೆಸರು ಯಾರದ್ದು ಅನ್ನೋ ತಕರಾರು ಇದರ ಬೆನ್ನು ಬಿಟ್ಟಿಲ್ಲ.

ಮೊದಲು ಶಾಲೆಯಲ್ಲಿ ಓದಿದ್ದನ್ನೇ ನೋಡೋಣ. 1492ರ ಅಕ್ಟೋಬರ್ 12ರಂದು ಕೊಲಂಬಸ್ಸನ ಹಡಗುಗಳು ಅಮೆರಿಕದ ಪಕ್ಕದ ಬಹಾಮಾ ದ್ವೀಪಗಳಲ್ಲಿ ಒಂದನ್ನು ಮುಟ್ಟಿದವು. ಹೊರಟಿದ್ದು ನಮ್ಮ ಕಡೆಗೆ, ಸೇರಿದ್ದು ಇನ್ನೆಲ್ಲಿಗೋ. ಅಲ್ಲಿನ ಜನರನ್ನು ಇಂಡಿಯನ್ನರು ಅಂತ ಕರೆದ. ತಾನು ಮುಟ್ಟಿದ್ದು ಏಷ್ಯಾವನ್ನೇ ಅಂತ 1506ರಲ್ಲಿ ಸಾಯುವವರೆಗೂ ಸಾಧಿಸಿದ. ಕೌಂಟರ್ 3ಕ್ಕೆ ಹೋಗಿ ಅಂದವರ ಮಾತು ಕೇಳಿ ಕೌಂಟರ್ 7ರಲ್ಲಿ ನಿಂತವರಿಗೆ ಇದು ಹೊಸದಲ್ಲ.

ಶಾಲೆಯಲ್ಲಿ ಹೇಳದ ಒಂದು ಸಂಗತಿ ಇದೆ. ಮೊದಲು ನೆಲ ಕಂಡವನಿಗೆ ವರ್ಷಕ್ಕೆ 10,000 ಮರವೇದಿ ಪಿಂಚಣಿ ಎಂದು ಸ್ಪೇನಿನ ಅರಮನೆ ಮಾತು ಕೊಟ್ಟಿತ್ತು. ಮರವೇದಿ ಅಂದರೆ ಅಲ್ಲಿನ ಕಾಸು. ಆ ರಾತ್ರಿ ಎರಡು ಗಂಟೆ ಹೊತ್ತಿಗೆ ಪಿಂಟಾ ಹಡಗಿನ ರೋಡ್ರಿಗೋ ಎಂಬ ನಾವಿಕ ನೆಲ ಕಂಡು ಕೂಗಿದ. ಪಿಂಚಣಿ ಸಿಕ್ಕಿದ್ದು ಕೊಲಂಬಸ್ಸನಿಗೆ! ‘ನಾನು ಹಿಂದಿನ ಸಂಜೆಯೇ ದೂರದಲ್ಲಿ ಬೆಳಕು ಕಂಡಿದ್ದೆ’ ಅಂದ ಯಜಮಾನರು. ನಾವಿಕನ ಹೆಸರಾದರೂ ನೆಟ್ಟಗಿದೆಯೇ? ಒಂದು ದಾಖಲೆಯಲ್ಲಿ ರೋಡ್ರಿಗೋ ಡಿ ಟ್ರಿಯಾನ, ಇನ್ನೊಂದರಲ್ಲಿ ಹುವಾನ್ ರೋಡ್ರಿಗೆಸ್ ಬೆರ್ಮೆಹೋ. ಪಾಪ, ಹೆಸರು ತಿದ್ದುಪಡಿಗೆ ಅವನೂ ಅಲೆದಿದ್ದನೋ ಏನೋ.

ಇನ್ನು ನಮ್ಮ ಜಿಲ್ಲೆಗೆ ಬರೋಣ. 1967ರ ಇದೇ ಅಕ್ಟೋಬರ್ 12ರಂದು ರಾಮಮನೋಹರ ಲೋಹಿಯಾ ದಿಲ್ಲಿಯಲ್ಲಿ ತೀರಿಕೊಂಡರು. ವಯಸ್ಸು 57. ಅವರು ಕೊನೆಯುಸಿರೆಳೆದ ವಿಲಿಂಗ್ಡನ್ ಆಸ್ಪತ್ರೆಗೇ ಈಗ ಅವರ ಹೆಸರಿದೆ. ಶಿವಮೊಗ್ಗ ಜಿಲ್ಲೆಯವರು ಅವರನ್ನು ನೆನೆಯಬೇಕಾದ್ದು 1951ರ ಕಾಗೋಡು ಸತ್ಯಾಗ್ರಹಕ್ಕಾಗಿ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಜಗಳ ಹುಟ್ಟಿದ್ದು ಭತ್ತ ಅಳೆಯುವ ಕೊಳಗದಿಂದ. ಗೇಣಿ ಅಳೆಯುವ ಕೊಳಗ ದೊಡ್ಡದು ಅಂತ ಗೇಣಿದಾರರು ತಿರುಗಿ ಬಿದ್ದರು. ಮುಂದೆ ನಿಂತವರು ಎಚ್. ಗಣಪತಿಯಪ್ಪನವರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದರು. ಜೂನಿನಲ್ಲಿ ಲೋಹಿಯಾ ಖುದ್ದಾಗಿ ಬಂದು ಬಂಧನಕ್ಕೊಳಗಾದರು.

ಕೊಳಗದ ಜಗಳ ಕೊಳಗಕ್ಕೇ ಮುಗಿಯಲಿಲ್ಲ. ಉಳುವವನೇ ಒಡೆಯ ಅನ್ನೋ ಮಾತು ಕಾನೂನಾಗಿ ನಿಂತಿದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. ಗೇಣಿದಾರರು ಫಾರಂ 7 ತುಂಬಿ ಕೊಡಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಅರ್ಜಿಯ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ಬಂತು. ಪಹಣಿಯ ಸಾಗುವಳಿ ಕಾಲಂನಲ್ಲಿ ಹೆಸರಿದ್ದವನು ಗೆದ್ದ ಹಾಗೆಯೇ. ಬಾಯಿಮಾತಿನ ಗೇಣಿಯವನು ಮಾತ್ರ ಸಾಕ್ಷಿ ಹುಡುಕಿಕೊಂಡು ಊರೆಲ್ಲ ತಿರುಗಿದ.

ಹಾಗೆ ತಿರುಗಿ ಗೆದ್ದವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. 1 ಎಕರೆ 12 ಗುಂಟೆ ಗದ್ದೆ. ಪೂರ್ತಿ ಹೆಸರು ಇಲ್ಲಿ ಬೇಡ, ತಿಮ್ಮ ಅಂತಿಟ್ಟುಕೊಳ್ಳಿ. ಅವರು ಹೋದ ಮೇಲೆ ದೊಡ್ಡಮ್ಮನ ಹೆಸರಿಗೆ ಪೌತಿ ಖಾತೆ ಆಗಬೇಕು. ಆಗದಿದ್ದರೆ ಸೊಸೈಟಿಯಲ್ಲಿ ಬೆಳೆಸಾಲ ಇಲ್ಲ, ಗದ್ದೆ ಮುಳುಗಿದರೆ ಪರಿಹಾರವೂ ಇಲ್ಲ. ಮರಣಪತ್ರ, ವಂಶವೃಕ್ಷ, ಆಧಾರ್ ಎಲ್ಲ ಜೋಡಿಸಿಕೊಂಡು ಒಂದು ಕಚೇರಿಗೆ ಹೋದೆವು. ಯಾವ ತಾಲ್ಲೂಕು ಅಂತ ಕೇಳಬೇಡಿ, ಕೆಲಸ ಇನ್ನೂ ಬಾಕಿ ಇದೆ.

ಗುಮಾಸ್ತರು ಪಹಣಿ ನೋಡಿ ಕಾಗದ ವಾಪಸ್ ತಳ್ಳಿದರು. ‘ಇದರಲ್ಲಿ ತಮ್ಮ ಅಂತಿದೆಯಲ್ರೀ!’

ಕೈಬರಹದ ಪಹಣಿ ಕಂಪ್ಯೂಟರಿಗೆ ಏರುವಾಗ ಒಂದು ಗುಡಿಸು ಬಿದ್ದುಹೋಗಿದೆ. ತಿಮ್ಮ ತಮ್ಮನಾಗಿದ್ದಾರೆ.

‘ಸತ್ತಿರೋದು ತಿಮ್ಮ. ಜಮೀನು ತಮ್ಮನದು. ತಿಮ್ಮ ಸತ್ತರೆ ತಮ್ಮನ ಖಾತೆ ಹೇಗ್ರೀ ಬದಲಾಯಿಸೋದು? ತಮ್ಮ ಸತ್ತಿದ್ದಕ್ಕೆ ಮರಣಪತ್ರ ತನ್ನಿ.’

ದೊಡ್ಡಮ್ಮ ಸುಮ್ಮನಿರುವ ಪೈಕಿ ಅಲ್ಲ. ‘ನಾನು ಐವತ್ತು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ ಮಾರಾಯಾ, ನೀನೇ ಹೇಳು’ ಅಂದರು. ಗುಮಾಸ್ತರಿಗೆ ನಗು ಬಂತು. ಕೆಟ್ಟ ಮನುಷ್ಯ ಅಲ್ಲ, ಒಬ್ಬರೇ ಮೂವರ ಕೆಲಸ ಮಾಡುವವರು. ‘ಅಜ್ಜಿ, ಹಳೇ ಪಹಣಿ ನಕಲು ತನ್ನಿ, ತಿದ್ದುಪಡಿಗೆ ಹಾಕೋಣ’ ಅಂದರು.

ಹಳೇ ಪಹಣಿ ಇರುವುದು ಅದೇ ಕಟ್ಟಡದ ರೆಕಾರ್ಡ್ ರೂಮಿನಲ್ಲಿ. ನಡುವೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಗೆ ನಮಗೆ ನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ಬೀಗದ ಕೈ ಇದ್ದವರು ರಜೆ, ಇನ್ನೊಂದು ದಿನ ಸಾಹೇಬರು ಮೀಟಿಂಗ್, ಮತ್ತೊಂದು ದಿನ ಸರ್ವರ್ ಡೌನ್. ಕೈಬರಹದ ಕಾಗದ ಹುಡುಕೋದಕ್ಕೆ ಸರ್ವರ್ ಯಾಕೆ ಅಂತ ಕೇಳುವಷ್ಟು ಧೈರ್ಯ ನನಗೆ ಇರಲಿಲ್ಲ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ದೊಡ್ಡಮ್ಮನ ಊರಿಗೆ ಬರೋದು ಖಾಸಗಿ ಬಸ್ಸು ಮಾತ್ರ. ಮಂಡಿನೋವಿನ ಜೊತೆಗೆ ಚಾರ್ಜೂ ಅವರೇ ಕೊಟ್ಟರು.

ಇಲ್ಲಿ ಅಕ್ಟೋಬರ್ 12 ಮತ್ತೆ ಬರುತ್ತೆ. ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದದ್ದು 2005ರ ಇದೇ ದಿನ. ಅವತ್ತು ವಿಜಯದಶಮಿ, ನಮ್ಮ ಕಚೇರಿಗಳಿಗೆ ರಜೆ! ಅದರ ಬೇರು ಇರುವುದು ರಾಜಸ್ಥಾನದಲ್ಲಿ. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತ ಕೂಲಿಯವರು ತಮ್ಮ ಹೆಸರಿನ ಮುಂದೆ ಎಷ್ಟು ಬರೆದಿದ್ದಾರೆ, ಹಾಜರಿ ಪುಸ್ತಕ ತೋರಿಸಿ ಅಂತ ಕೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅಲ್ಲಿನ ವ್ಯಾಪಾರಿಗಳೂ ಅವರ ಬೆನ್ನಿಗೆ ನಿಂತರು ಅನ್ನೋದನ್ನ ನಮ್ಮ ಪೇಟೆಯವರು ಗಮನಿಸಬೇಕು.

ನಾವೂ ಒಂದು ಅರ್ಜಿ ಬರೆದೆವು. ಇಂಥ ಸರ್ವೆ ನಂಬರಿನ ಹಳೇ ಪಹಣಿ ಮತ್ತು ಫಾರಂ 10ರ ನಕಲು ಕೊಡಿ, ಇಷ್ಟೇ. ಫೀ 10 ರೂಪಾಯಿ. ಪೋಸ್ಟಲ್ ಆರ್ಡರ್ ಹುಡುಕಿ ಮೂರು ಅಂಚೆ ಕಚೇರಿ ಸುತ್ತಿದ್ದು ಬೇರೆ ಕಥೆ. 27ನೇ ದಿನಕ್ಕೆ ಕಾಗದ ಬಂತು: ಮೂರು ಪುಟ, ಪುಟಕ್ಕೆ 2 ರೂಪಾಯಿಯಂತೆ 6 ರೂಪಾಯಿ ಕಟ್ಟಿ ಒಯ್ಯಿರಿ. ನಾಲ್ಕು ತಿಂಗಳು ಸಿಗದ ಬೀಗದ ಕೈ ಅಷ್ಟರಲ್ಲಿ ಸಿಕ್ಕಿತ್ತು. ನೀಲಿ ಮಸಿಯಲ್ಲಿ ಶಾನುಭೋಗರ ಕಾಲದ ಮೋಡಿ ತಪ್ಪದ ದುಂಡು ಅಕ್ಷರ, ‘ತಿ’ ಮೇಲೆ ಗುಡಿಸು ಸ್ಪಷ್ಟ. ದೊಡ್ಡಮ್ಮನಿಗೆ ಓದು ಬರೋದಿಲ್ಲ. ಆ ಅಕ್ಷರ ಯಾವುದು ಅಂತ ಬೆರಳಿಟ್ಟು ತೋರಿಸಲು ಹೇಳಿ ನೋಡಿಕೊಂಡರು.

ಇದೇ ಪಾಡಿನಲ್ಲಿರುವ ಓದುಗರು ಬಹಳ ಮಂದಿ ಇದ್ದೀರಿ, ಅದಕ್ಕೆ ಹೇಳ್ತೀನಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗಿಲ್ಲ, ಕೇಳಿದರೂ ಹೇಳಬೇಕಾಗಿಲ್ಲ. ಬರೀ ಬಾಯಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಆಯೋಗ ದಂಡ ಹಾಕಬಹುದು. ಆದರೆ ಒಂದು ಮಾತು: ಈ ಕಾಯ್ದೆಯಿಂದ ಕಾಗದ ಸಿಗುತ್ತೆ, ಕೆಲಸ ಆಗೋದಿಲ್ಲ. ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಟೇಬಲ್ಲು.

ನಮ್ಮದು ಈಗ ಆ ಟೇಬಲ್ಲಿನ ಮೇಲಿದೆ. ಮುಂದಿನ ಸೋಮವಾರ ಬನ್ನಿ ಅಂದಿದ್ದಾರೆ. ಸೊಸೈಟಿಯವರು ಸಾಲದ ಅರ್ಜಿಯನ್ನು ತಿಂಗಳ ಕೊನೆಯವರೆಗೆ ಹಿಡಿದಿಟ್ಟುಕೊಳ್ತೀವಿ ಅಂದಿದ್ದಾರೆ.