ಪಾರ್ಶ್ವವಾಯು: ಮೆದುಳಿನ ಕೋಶಗಳ ರಕ್ಷಣೆಗೆ ಹಳೆಯ ಔಷಧಿಯೊಂದರ ಹೊಸ ಪಾತ್ರ

ನಮ್ಮ ಹಿರಿಯರು ‘ಲಕ್ವ ಹೊಡೆಯಿತು’ ಎನ್ನುತ್ತಿದ್ದ ಪಾರ್ಶ್ವವಾಯು ಬಹುಪಾಲು ಮೆದುಳಿನ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಸಂಭವಿಸುತ್ತದೆ. ದೊಡ್ಡ ನಾಳ ಮುಚ್ಚಿದರೆ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷದಲ್ಲಿ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ವೈದ್ಯವಿಜ್ಞಾನ ಅಂದಾಜಿಸಿದೆ.

ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಮೆದುಳಿನಲ್ಲಿ ಮೈಕ್ರೊಗ್ಲಿಯಾ ಎಂಬ ಕಾವಲು ಕೋಶಗಳಿವೆ. ಪೆಟ್ಟು ಬಿದ್ದೊಡನೆ ಇವು ಉದ್ರಿಕ್ತಗೊಂಡು, ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಕಾಯಬೇಕಾದವರೇ ಮನೆಗೆ ಕಿಚ್ಚಿಟ್ಟಂತೆ, ಉಳಿಯಬಹುದಾಗಿದ್ದ ನೆರೆಯ ಕೋಶಗಳೂ ಇದರಿಂದ ಸಾಯುತ್ತವೆ. ರಕ್ತಸಂಚಾರ ಮರಳಿದ ಮೇಲೂ ಈ ಕ್ರಿಯೆ ಮುಂದುವರಿಯುತ್ತದೆ.

ಇಲ್ಲಿ ನೆರವಾಗಬಹುದೆಂದು ಕಂಡುಬಂದಿರುವುದು ಮಿನೊಸೈಕ್ಲಿನ್. ಟೆಟ್ರಾಸೈಕ್ಲಿನ್ ಬಳಗದ ಈ ಪ್ರತಿಜೀವಕವನ್ನು ಮೊಡವೆಗಳಿಗೂ ವೈದ್ಯರು ಬರೆದುಕೊಡುತ್ತಾರೆ. ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಇದು ಮೆದುಳನ್ನು ಪ್ರವೇಶಿಸಬಲ್ಲದು. 1998ರಲ್ಲಿ ಫಿನ್‌ಲೆಂಡಿನ ವಿಜ್ಞಾನಿಗಳು ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗಳ ಮೆದುಳಿಗೆ ರಕ್ತವನ್ನು ಕೆಲಕಾಲ ತಡೆದು ಪರೀಕ್ಷಿಸಿದರು. ಔಷಧಿ ಪಡೆಯದವುಗಳಲ್ಲಿ, ನೆನಪಿನ ಶಕ್ತಿಗೆ ಸಂಬಂಧಿಸಿದ ಭಾಗದ ನರಕೋಶಗಳ ಪೈಕಿ ಶೇಕಡ 10.5 ಮಾತ್ರ ಉಳಿದವು. ತಡೆಯಾದ 30 ನಿಮಿಷಗಳ ನಂತರ ಮಿನೊಸೈಕ್ಲಿನ್ ಪಡೆದವುಗಳಲ್ಲಿ ಶೇಕಡ 71 ಉಳಿದವು. ಇದು ಬ್ಯಾಕ್ಟೀರಿಯಾಗಳನ್ನು ಕೊಂದದ್ದರ ಫಲವಲ್ಲ. ಕಾವಲು ಕೋಶಗಳ ಉದ್ರೇಕವನ್ನು ಶಮನಗೊಳಿಸಿದ್ದರ ಫಲ.

ಮನುಷ್ಯರಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. 2007ರಲ್ಲಿ ಇಸ್ರೇಲಿನಲ್ಲಿ 152 ರೋಗಿಗಳ ಅಧ್ಯಯನ ಪ್ರಕಟವಾಯಿತು. ಪಾರ್ಶ್ವವಾಯುವಿನ 6ರಿಂದ 24 ಗಂಟೆಗಳೊಳಗೆ ಆರಂಭಿಸಿ, ದಿನಕ್ಕೆ 200 ಮಿಲಿಗ್ರಾಂನಂತೆ ಐದು ದಿನ ಔಷಧಿ ಪಡೆದವರು ಹೆಚ್ಚು ಚೇತರಿಸಿಕೊಂಡರು. ಆದರೆ 2013ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ 95 ರೋಗಿಗಳ ಅಧ್ಯಯನದಲ್ಲಿ ರಕ್ತನಾಳದ ಮೂಲಕ ಕೊಟ್ಟ ಇದೇ ಔಷಧಿ ಸುರಕ್ಷಿತವಾಗಿತ್ತಾದರೂ ಪ್ರಯೋಜನ ಕಾಣಿಸಲಿಲ್ಲ. ಆದ್ದರಿಂದ ಇದನ್ನು ಭರವಸೆಯ ಸಂಶೋಧನೆ ಎನ್ನಬಹುದೇ ಹೊರತು, ಸಿದ್ಧ ಚಿಕಿತ್ಸೆ ಎನ್ನಲಾಗದು.

ಭಕ್ತಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಲೇಖನವನ್ನೋದಿ ಯಾರೂ ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲಿಟ್ಟುಕೊಳ್ಳಬಾರದು. ಪಾರ್ಶ್ವವಾಯು ನಾಳ ಮುಚ್ಚಿದ್ದರಿಂದಲೋ ಒಡೆದದ್ದರಿಂದಲೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯದು. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು, 108ಕ್ಕೆ ಕರೆಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಕೋಶಗಳನ್ನು ಕಾಯುವ ಮೊದಲ ಔಷಧಿ, ಕಳೆದುಕೊಳ್ಳದೆ ಉಳಿಸಿಕೊಂಡ ಆ ಸಮಯವೇ.