ಆಡು ಸಾಕಿದರಷ್ಟೇ ಸಾಲದು, ಮಾರಲೂ ಕಲಿಯಬೇಕು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಬಯಲುಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟು ರಾಗಿ, ಶೇಂಗಾ ಹೊಲದಲ್ಲೇ ಒಣಗಿದ ವರ್ಷವೂ ಬೇಲಿಯ ಜಾಲಿ, ಬೋರೆ, ಬೇವಿನ ಸೊಪ್ಪನ್ನು ಮೇದು ಮನೆಯ ಮಾನ ಕಾಯುವ ಪ್ರಾಣಿ ಆಡು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 14 ಕೋಟಿ 88 ಲಕ್ಷ ಆಡುಗಳಿದ್ದವು. ನಮ್ಮ ರಾಜ್ಯದಲ್ಲೇ 60 ಲಕ್ಷಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಫಾರಂಗಳಲ್ಲಿ ಅಲ್ಲ. ಐದೋ ಹತ್ತೋ ಆಡು ಕಟ್ಟಿಕೊಂಡ ಸಣ್ಣ ರೈತರ, ಕೂಲಿಕಾರರ ಹಿತ್ತಲಲ್ಲಿ.

ಸಾಕುವುದರಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ಆದರೆ ಮಾರುವ ದಿನ ಏನಾಗುತ್ತದೆ? ಶಿರಾ, ಅಕ್ಕಿರಾಂಪುರ, ಕೆರೂರು, ಅಮೀನಗಡದಂಥ ದೊಡ್ಡ ಸಂತೆಯಿರಲಿ, ನಿಮ್ಮ ಹೋಬಳಿಯ ಸಂತೆಯೇ ಇರಲಿ, ಒಂದು ಗಳಿಗೆ ನಿಂತು ನೋಡಿ. ವ್ಯಾಪಾರಿ ಬರುತ್ತಾನೆ. ಆಡಿನ ಸೊಂಟ ಹಿಡಿದು ಎತ್ತುತ್ತಾನೆ, ಬೆನ್ನು ಒತ್ತುತ್ತಾನೆ, ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಒಂದು ಬೆಲೆ ಹೇಳುತ್ತಾನೆ. ಅಷ್ಟರಲ್ಲಿ ಅವನಿಗೆ ತೂಕವೂ ಗೊತ್ತು, ಅದರಲ್ಲಿ ಬರುವ ಮಾಂಸವೂ ಗೊತ್ತು. ವರ್ಷವೆಲ್ಲ ಸಾಕಿದ ನಿಮಗೆ ಮಾತ್ರ ಎರಡೂ ಗೊತ್ತಿಲ್ಲ. ನಷ್ಟ ಆರಂಭವಾಗುವುದು ಇಲ್ಲಿಂದಲೇ.

ತೂಕ ತಿಳಿದು ಸಂತೆಗೆ ಹೋಗಿ

ಮನೆಯಲ್ಲೇ ತೂಕ ತಿಳಿಯುವುದು ಕಷ್ಟವಲ್ಲ. ಊರಲ್ಲಿ ಮನುಷ್ಯರನ್ನು ತೂಗುವ ಯಂತ್ರವಿದ್ದರೆ ಆಡನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲಿ. ಆಮೇಲೆ ನೀವೊಬ್ಬರೇ ನಿಲ್ಲಿ. ಎರಡರ ವ್ಯತ್ಯಾಸವೇ ಆಡಿನ ತೂಕ.

ಯಂತ್ರವಿಲ್ಲದಿದ್ದರೆ ದರ್ಜಿಯ ಟೇಪು ಸಾಕು. ಆಡನ್ನು ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿ. ಮುಂಗಾಲುಗಳ ಹಿಂದೆ ಟೇಪು ಸುತ್ತಿ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ.

ಉದಾಹರಣೆಗೆ, ಸುತ್ತಳತೆ 28 ಇಂಚು, ಉದ್ದ 26 ಇಂಚು ಎಂದಿಟ್ಟುಕೊಳ್ಳಿ. 28ನ್ನು 28ರಿಂದ ಗುಣಿಸಿದರೆ 784. ಅದನ್ನು 26ರಿಂದ ಗುಣಿಸಿದರೆ 20,384. ಇದನ್ನು 660ರಿಂದ ಭಾಗಿಸಿದರೆ ಸುಮಾರು 31 ಕಿಲೋ. ಇದು ಅಂದಾಜು, ಒಂದೆರಡು ಕಿಲೋ ಹೆಚ್ಚುಕಡಿಮೆ ಆಗಬಹುದು. ಗಬ್ಬದ ಆಡಿಗೆ ಈ ಲೆಕ್ಕ ಹೊಂದುವುದಿಲ್ಲ.

ಜೀವತೂಕದಲ್ಲಿ ಮಾಂಸವಾಗಿ ಸಿಗುವುದು ನೂರಕ್ಕೆ 45ರಿಂದ 50 ಭಾಗ. ಎಂದರೆ 31 ಕಿಲೋ ಆಡಿನಿಂದ ಕಡಿಮೆಯೆಂದರೂ 14 ಕಿಲೋ ಮಾಂಸ. ನಿಮ್ಮ ಪೇಟೆಯಲ್ಲಿ ಮಾಂಸದ ದರ ಕಿಲೋಗೆ 700 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 9,800 ರೂಪಾಯಿ ಆಯಿತು. ತಲೆ, ಕಾಲು, ಬೋಟಿ, ಚರ್ಮದ ಹಣ ಬೇರೆ. ಇದರಲ್ಲಿ ಸಾಗಣೆ, ಸಂತೆ ಸುಂಕ, ಕೊಯ್ಯುವ ಕೂಲಿ, ಅಂಗಡಿಯವನ ಲಾಭ ಕಳೆಯಬೇಕಾದ್ದು ನ್ಯಾಯವೇ. ಉಳಿದದ್ದು ನಿಮ್ಮದು. ವ್ಯಾಪಾರಿ ಐದು ಕಿಲೋ ಕಡಿಮೆ ಅಂದಾಜು ಮಾಡಿದರೆ ಎರಡೂಕಾಲು ಕಿಲೋ ಮಾಂಸದ ಬೆಲೆ, ಅಂದರೆ ಇದೇ ದರದಲ್ಲಿ 1,575 ರೂಪಾಯಿ, ನಿಮ್ಮ ಲೆಕ್ಕದಿಂದ ಜಾರಿಹೋಯಿತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುವ ಮುನ್ನ ಈ ಲೆಕ್ಕ ನಿಮ್ಮ ಜೇಬಿನ ಚೀಟಿಯಲ್ಲಿರಲಿ.

ಯಾವಾಗ ಮಾರಬೇಕು?

ನಮ್ಮಲ್ಲಿ ಆಡು ಮಾರುವ ಕಾಲವನ್ನು ಗೊತ್ತುಮಾಡುವುದು ಬೆಲೆಯಲ್ಲ, ನಮ್ಮ ಗರಜು. ಮುಂಗಾರು ಬಿತ್ತನೆಗೆ ಬೀಜ, ಗೊಬ್ಬರ ಬೇಕು. ಅದೇ ಹೊತ್ತಿಗೆ ಮಕ್ಕಳ ಶಾಲೆ ಆರಂಭ. ಎಲ್ಲರಿಗೂ ಒಂದೇ ಸಲ ಹಣ ಬೇಕಾಗಿ ಎಲ್ಲರೂ ಒಂದೇ ಸಂತೆಗೆ ಆಡು ಹೊಡೆದುಕೊಂಡು ಹೋದರೆ ಬೆಲೆ ಬೀಳದೆ ಇನ್ನೇನಾದೀತು? ಶ್ರಾವಣದಲ್ಲಿ ಅನೇಕ ಮನೆಗಳಲ್ಲಿ ಮಾಂಸ ಬಿಡುವುದರಿಂದ ಗಿರಾಕಿ ಇನ್ನೂ ಕಡಿಮೆ.

ಬೇಡಿಕೆ ಏರುವ ದಿನಗಳು ನಿಮಗೆ ಗೊತ್ತೇ ಇವೆ: ಊರಮ್ಮನ ಜಾತ್ರೆಗಳು, ಹಳೇ ಮೈಸೂರು ಭಾಗದಲ್ಲಿ ಯುಗಾದಿಯ ಮರುದಿನದ ಹೊಸತೊಡಕು, ಎಲ್ಲಕ್ಕಿಂತ ಮಿಗಿಲಾಗಿ ಬಕ್ರೀದ್. ಬಕ್ರೀದ್‌ಗೆ ಕೊಳ್ಳುವವರು ವರ್ಷ ತುಂಬಿದ, ಕುಂಟು ಕುರುಡಿಲ್ಲದ, ಕಿವಿ ಕೊಂಬು ನೆಟ್ಟಗಿರುವ ಹೋತವನ್ನು ಹುಡುಕುತ್ತಾರೆ. ನೋಡಲು ಚೆಂದವಿದ್ದರೆ ಮಾಂಸದ ಲೆಕ್ಕ ಮೀರಿ ಬೆಲೆ ಕೊಡುವವರೂ ಇದ್ದಾರೆ.

ಈ ಹಬ್ಬ ಚಾಂದ್ರಮಾನದ್ದು. ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಜೂನ್ 7ರಂದು ಬಂದಿತ್ತು. ನೆನಪಿಡಲು ಸುಲಭವಾದ ಸೂತ್ರ ಇದು: ಒಂದು ಬಕ್ರೀದ್‌ಗೆ ಮೊದಲು ಹುಟ್ಟಿದ ಮರಿ ಮುಂದಿನ ಬಕ್ರೀದ್‌ಗೆ ಮಾರಲು ಬರುತ್ತದೆ. ಆಡಿನ ಗಬ್ಬದ ಅವಧಿ ಐದು ತಿಂಗಳು. ಆದ್ದರಿಂದ ಹಬ್ಬಕ್ಕೆ ಏಳೆಂಟು ತಿಂಗಳು ಮೊದಲೇ ಹೋತ ಕೂಡಿಸಿದರೆ ಮರಿ ಎರಡು ಮೂರು ತಿಂಗಳು ಮುಂಚೆ ಹುಟ್ಟುತ್ತದೆ. ಮುಂದಿನ ಹಬ್ಬದ ಹೊತ್ತಿಗೆ ಹಾಲುಹಲ್ಲು ಬಿದ್ದು ಮೊದಲ ಎರಡು ದೊಡ್ಡ ಹಲ್ಲು ಕಾಣಿಸಿಕೊಳ್ಳುವ ವಯಸ್ಸು ಅದಕ್ಕಾಗಿರುತ್ತದೆ. ಗಿರಾಕಿ ಬಾಯಿ ತೆರೆಸಿ ನೋಡುವುದು ಅದನ್ನೇ.

ಕೊನೆಯ ಎರಡು ತಿಂಗಳ ಮೇವು

ಮಾರಬೇಕೆಂದಿರುವ ಹೋತಕ್ಕೆ ಎರಡು ಮೂರು ತಿಂಗಳ ಮುಂಚಿನಿಂದ ವಿಶೇಷ ಗಮನ ಕೊಡಿ. ಮೊದಲು ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕುಡಿಸಿ. ಮೇಯ್ದು ಬಂದ ಮೇಲೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಕೊಡಿ. ಅದರ ಜೊತೆಗೆ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಸೇರಿ ದಿನಕ್ಕೆ 200ರಿಂದ 250 ಗ್ರಾಂ ಸಾಕು. ಮೊದಲ ದಿನವೇ ಅಷ್ಟನ್ನೂ ಹಾಕಬೇಡಿ, ಹೊಟ್ಟೆ ಕೆಟ್ಟೀತು. ಒಂದು ಹಿಡಿಯಿಂದ ಆರಂಭಿಸಿ ಹತ್ತು ಹನ್ನೆರಡು ದಿನಗಳಲ್ಲಿ ಏರಿಸಿ. ಬದುವಿನ ಮೇಲೆ ಸೂಬಾಬುಲ್, ಅಗಸೆ ಬೆಳೆಸಿದ್ದರೆ ಖರ್ಚು ಇನ್ನೂ ಕಡಿಮೆ. ಸೂಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ.

ರೋಗದ ಸುದ್ದಿ ಬಂದಾಗ ಗಾಬರಿಯಿಂದ ಸಿಕ್ಕ ಬೆಲೆಗೆ ಮಾರುವುದು ಇನ್ನೊಂದು ನಷ್ಟ. ಮುಂಗಾರಿಗೆ ಮುನ್ನ ಕರುಳು ಬೇನೆಯ ಲಸಿಕೆ, ಪಶುವೈದ್ಯರು ಹೇಳಿದ ಕಾಲಕ್ಕೆ ಪಿ.ಪಿ.ಆರ್. ಲಸಿಕೆ ಹಾಕಿಸಿದವರಿಗೆ ಈ ಗಾಬರಿ ಇರುವುದಿಲ್ಲ.

ಗರಜಿಗೆ ಬೇರೆ ದಾರಿ

ಬಿತ್ತನೆಯ ಹಣಕ್ಕಾಗಿ ಎಳೆಯ ಹೋತ ಮಾರುವ ಮುನ್ನ ಬ್ಯಾಂಕಿನಲ್ಲಿ ಅಥವಾ ನಿಮ್ಮ ಸಹಕಾರ ಸಂಘದಲ್ಲಿ ಒಮ್ಮೆ ವಿಚಾರಿಸಿ. 2018-19ರ ಕೇಂದ್ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಕುರಿ, ಆಡು ಸಾಕುವವರೂ ಸ್ವಸಹಾಯ ಸಂಘಗಳೂ ಇದಕ್ಕೆ ಅರ್ಜಿ ಹಾಕಬಹುದು. ಮೇವು, ಔಷಧಿಯ ಖರ್ಚಿಗೆ ಅಲ್ಲಿಂದ ಹಣ ಸಿಕ್ಕರೆ ಕೈಯಲ್ಲಿರುವ ಕಾಸು ಬಿತ್ತನೆಗೆ ಉಳಿಯುತ್ತದೆ, ಹೋತ ಹಬ್ಬದವರೆಗೆ ಹಟ್ಟಿಯಲ್ಲಿ ಉಳಿಯುತ್ತದೆ.

ಕೂಡಿ ಮಾರಿದರೆ ಬಲ

ಒಬ್ಬ ರೈತ ಎರಡು ಆಡಿಗೆ ಟೆಂಪೊ ಮಾಡಿದರೆ ಬಾಡಿಗೆಯೇ ಲಾಭ ನುಂಗುತ್ತದೆ. ಅದಕ್ಕೇ ಊರಿಗೆ ಬಂದ ದಲ್ಲಾಳಿಗೆ ಹಟ್ಟಿಯ ಬಾಗಿಲಲ್ಲೇ ಕೊಟ್ಟುಬಿಡುತ್ತೇವೆ. ಹತ್ತು ಮನೆಯವರು ಕೂಡಿ ಇಪ್ಪತ್ತೈದು ಮೂವತ್ತು ಆಡು ಒಂದೇ ದಿನ ಒಯ್ದರೆ ಬಾಡಿಗೆ ಹಂಚಿಹೋಗುತ್ತದೆ. ಒಂದೇ ಕಡೆ ಇಷ್ಟು ಆಡು ಸಿಗುವುದಾದರೆ ದೊಡ್ಡ ವ್ಯಾಪಾರಿಯೂ ನಿಮ್ಮ ಮಾತಿಗೆ ನಿಲ್ಲುತ್ತಾನೆ. ಎಲ್ಲರೂ ಸೇರಿ ಒಂದು ತೂಗು ತಕ್ಕಡಿ ಕೊಂಡು ಊರ ಗುಡಿಯ ಬಳಿ ಇಟ್ಟರೆ ದಲ್ಲಾಳಿ ಊರಿಗೆ ಬಂದರೂ ತೂಕದ ಮೇಲೆಯೇ ಮಾತಾಡಬೇಕಾಗುತ್ತದೆ. ಸ್ತ್ರೀಶಕ್ತಿ ಸಂಘವಿರುವ ಊರಿನಲ್ಲಿ ಈ ಕೆಲಸ ಇನ್ನೂ ಸುಲಭ. ಆಡಿಗೆ ಸೊಪ್ಪು ತರುವವರು, ಮರಿ ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರೇ. ಬೆಲೆ ಕಟ್ಟುವಾಗಲೂ ಅವರ ಮಾತು ಕೇಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಹೆಚ್ಚು ಬೆಲೆ ಬರುತ್ತದೆಂದು ಹಟ್ಟಿಯ ಅತ್ಯುತ್ತಮ ಹೋತವನ್ನೇ ಮೊದಲು ಮಾರಿ, ಉಳಿದ ಬಡಕಲು ಹೋತದಿಂದ ಮರಿ ಪಡೆಯುವುದು ಬಿತ್ತನೆ ಬೀಜವನ್ನೇ ಬೇಯಿಸಿ ಉಂಡ ಹಾಗೆ. ಬೇಗ ಬೆಳೆದ, ಅವಳಿ ಹುಟ್ಟಿದ ಒಂದು ಹೋತವನ್ನು ತಳಿಗೆಂದು ಇಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಅದನ್ನು ಬೇರೆ ಊರಿನವರ ಹೋತದೊಡನೆ ಬದಲಿಸಿಕೊಳ್ಳಿ.

ಮುಂದಿನ ಸಂತೆಗೆ ಇನ್ನೂ ದಿನಗಳಿವೆ. ಈ ಪುಟ ಓದಿ ಮುಗಿಸಿದ ಮೇಲೆ ಒಂದು ಟೇಪು ಹುಡುಕಿ, ನಿಮ್ಮ ಹಟ್ಟಿಯ ಒಂದು ಹೋತವನ್ನು ಅಳೆದು ನೋಡಿ. ಪಕ್ಕದ ಮನೆಯವರಿಗೂ ಅಳೆದು ತೋರಿಸಿ. ವ್ಯಾಪಾರಿಗೆ ಗೊತ್ತಿರುವುದು ನಿಮಗೂ ಗೊತ್ತಾದ ದಿನ ಸಂತೆಯಲ್ಲಿ ನೀವು ತಲೆಯೆತ್ತಿ ಬೆಲೆ ಹೇಳಬಹುದು.