ನಿಮಗಿದು ಗೊತ್ತೇ? ದಕ್ಷಿಣ ಬೆಂಗಳೂರಿನ ನೆರೆ

ಬೆಂಗಳೂರಿಗೂ ಒಂದು ನದಿಯಿದೆ, ಗೊತ್ತೇ? ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆ ಎಂದು ಜನ ನಂಬಿರುವ ವೃಷಭಾವತಿ. ಮೈಸೂರು ರಸ್ತೆ, ಕೆಂಗೇರಿ, ಬೈರಮಂಗಲ ಹಾದು ಅರ್ಕಾವತಿಯನ್ನೂ ಆ ಮೂಲಕ ಕಾವೇರಿಯನ್ನೂ ಸೇರುತ್ತಾಳೆ. ಬನಶಂಕರಿಯ ನಲ್ಲಿಗಳಿಗೆ ಬರುವುದು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ. ಬಚ್ಚಲಿನಿಂದ ಹೊರಟ ನೀರು ಕೊನೆಗೆ ಮುಟ್ಟುವುದೂ ಕಾವೇರಿಯನ್ನೇ.

ಬಿಟಿಎಂ ಲೇಔಟ್ ಕಡೆಯ ಮಳೆನೀರಿನ ದಾರಿ ಬೇರೆ: ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳು, ಆಮೇಲೆ ದಕ್ಷಿಣ ಪಿನಾಕಿನಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ನಡುವೆ ರಾಜಕಾಲುವೆ. ಕೆರೆ ಮುಚ್ಚಿ ಸೈಟು ಮಾಡಬಹುದು, ಇಳಿಜಾರನ್ನು ಏನು ಮಾಡುವುದು?

ನಮ್ಮೂರಿಗೆ ದೊಡ್ಡ ಮಳೆ ಜೂನ್‌ನಲ್ಲಲ್ಲ, ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೂಳೆತ್ತುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು.

2020ರ ಅಕ್ಟೋಬರ್ 23ರ ಸಂಜೆ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರಕ್ಕೆ ರಾಜಕಾಲುವೆಯೇ ನುಗ್ಗಿತು. ಹದಿನೈದು ದಿನದ ಹಸುಗೂಸನ್ನು ಯುವಕನೊಬ್ಬ ಕೈಯಲ್ಲಿ ಹಿಡಿದು ದಾಟಿಸಿದ ವಿಡಿಯೊವನ್ನು ನಾಡೆಲ್ಲ ನೋಡಿತು. ಸರ್ಕಾರ ಘೋಷಿಸಿದ ಪರಿಹಾರ ಮನೆಗೆ ₹25,000. ಆದರೆ ಇಂಥ ನೀರು ಬರಿಯ ಮಳೆನೀರಲ್ಲ, ಚರಂಡಿ ಬೆರೆತದ್ದು. ಅಕ್ಕಿ, ಹಾಸಿಗೆ, ಫ್ರಿಜ್ಜು, ಮಕ್ಕಳ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು ಎಲ್ಲ ಹಾಳು. ಸಂಪಿನ ನೀರನ್ನು ಖಾಲಿ ಮಾಡಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕುವವರೆಗೆ ಕುಡಿಯುವುದಕ್ಕೂ ಕೊಂಡ ನೀರೇ. ಕೂಲಿಗೆ ಹೋಗುವವರಿಗೆ ಅಷ್ಟು ದಿನದ ಸಂಪಾದನೆಯೂ ಹೋಯಿತು. ಕಾಲುವೆ ಪಕ್ಕದ ಬಾಡಿಗೆ ಕಡಿಮೆ, ಅದಕ್ಕೇ ಬಡವರು ಅಲ್ಲಿರುತ್ತಾರೆ. ಪರಿಹಾರದ ಲೆಕ್ಕದಲ್ಲಿ ಇದನ್ನು ಮೊದಲು ನೋಡಬೇಕು.

ಮಳೆಯೇ ಇಲ್ಲದೆ ನೆರೆ ಬಂದದ್ದೂ ಉಂಟು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ಹೊಕ್ಕಿತು.

ಬಸವನಗುಡಿಯ ಕಾರಂಜಿ ಆಂಜನೇಯನ ಗುಡಿ ಇದೆ, ಕಾರಂಜಿ ಕೆರೆ ಇಲ್ಲ. ಜೆ.ಪಿ. ನಗರದ್ದು ಸಮಾಧಾನದ ಸುದ್ದಿ: ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳುತ್ತಿದ್ದಾರೆ. ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ 2015ರಲ್ಲಿ ತೆರವು ಮಾಡಿಸಿತು. ಅಂದು ಮನೆ ಕಳೆದುಕೊಂಡವರಲ್ಲಿ ದಾಖಲೆ ನಂಬಿ ಹಣ ಕೊಟ್ಟವರೂ ಇದ್ದರು ಎಂಬುದನ್ನು ಮರೆಯಬಾರದು.

2025ರ ಮೇ ತಿಂಗಳಲ್ಲಿ ನಗರಕ್ಕೆ 300 ಮಿ.ಮೀ. ದಾಟಿ ಮಳೆ ಬಿತ್ತು. ಮೇ 19ರಂದು ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನಿಂತ ನೀರನ್ನು ಮೋಟಾರಿನಿಂದ ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ಸತ್ತರು. ಒಬ್ಬ ಹನ್ನೆರಡು ವರ್ಷದ ಹುಡುಗ. ನೆಲಮಾಳಿಗೆಗೆ ನೀರು ಬಂದರೆ ಇಳಿಯಬೇಡಿ. ಒಣ ಜಾಗದಿಂದ ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಅವರು ಕರೆಂಟು ತೆಗೆಯುವವರೆಗೆ ಕಾವಲುಗಾರನನ್ನೂ ಕೆಳಗೆ ಕಳಿಸಬೇಡಿ.